ರಾಜಕಾರಣದಲ್ಲಿ ಸ್ತ್ರೀಯರೂ ನಮ್ಮ ಮಾತಿನ ಮರ್ಯಾದೆಯೂ

ಒಂದು ಸಮಾಜವು ಯಾರಿಗೆ ಎಷ್ಟು ಗೌರವವನ್ನು ಸಲ್ಲಿಸುತ್ತದೆಂಬುದನ್ನು ತಿಳಿಯಬೇಕಾದರೆ ಸಭೆಯಲ್ಲಿ ಹಾಕಿದ ಹಾರಗಳನ್ನು ಎಣಿಸಬೇಕಾಗಿಲ್ಲ. ಸಭೆ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಅವರ ವಿಷಯವಾಗಿ ಬಳಸುವ ಸರ್ವನಾಮವನ್ನು ಗಮನಿಸಿದರೆ ಸಾಕು. ಕನ್ನಡ ಪಾಠ ಹೇಳುವ ಕೆಲಸ ನನ್ನದಾದುದರಿಂದ ಇಂತಹ ಸಣ್ಣ ಸಂಗತಿಗಳ ಮೇಲೆಯೇ ನನ್ನ ಕಿವಿ ಹೋಗುತ್ತದೆ. ಬಸವಕಲ್ಯಾಣ ಹುಮನಾಬಾದಗಳ ನಡುವಣ ಬಸ್ಸಿನಲ್ಲಿ ಚುನಾವಣೆಯ ಕಾಲಕ್ಕೆ ಒಂದು ವಾರ ಓಡಾಡಿದವರಿಗೆ, ಗಂಡಸು ಅಭ್ಯರ್ಥಿ ‘ಬಂದಿದ್ದರು’, ಹೆಂಗಸು ಅಭ್ಯರ್ಥಿ ‘ಬಂದಿದ್ದಳು’ ಎಂಬ ಕ್ರಿಯಾಪದಗಳ ವ್ಯತ್ಯಾಸ ಕೇಳಿಸದೆ ಇರದು. ಇಬ್ಬರೂ ಬಂದದ್ದು ಒಂದೇ ಊರಿಗೆ, ಒಂದೇ ಓಟು ಕೇಳಲು. ಬಹುವಚನ ಮಾತ್ರ ಒಬ್ಬರಿಗೆ.

ಇಲ್ಲಿ ಅವಸರದ ತೀರ್ಮಾನ ಕೂಡದು. ಗ್ರಂಥಸ್ಥ ಕನ್ನಡದಲ್ಲಿ ಸ್ತ್ರೀಗೆ ಅವಳು, ಆಕೆ, ಅವರು ಎಂದು ಮೂರು ಮೆಟ್ಟಿಲುಗಳುಂಟು. ಪುರುಷನಿಗೆ ಅವನು, ಆತ, ಅವರು. ನಮ್ಮ ಬೀದರ ಕಡೆಯ ಮಾತಿನಲ್ಲಿ ಮೊದಲೆರಡು ಮೆಟ್ಟಿಲುಗಳು ಕೂಡಿಹೋಗಿ ‘ಅಕಿ’ ಎಂಬ ಒಂದೇ ಶಬ್ದ ಉಳಿದಿದೆ. ಹೆತ್ತ ತಾಯಿಯನ್ನೂ ‘ಅಕಿ’ ಎನ್ನುತ್ತೇವೆ, ‘ನಮ್ಮವ್ವ ಬಂದಾಳ’ ಎನ್ನುತ್ತೇವೆ. ಅದರಲ್ಲಿ ಅಗೌರವದ ಲೇಶವೂ ಇಲ್ಲ. ಅದು ಮನೆಯ ಸಲಿಗೆ. ಮೈಸೂರಿನ ಕಡೆಯವರು ನಮ್ಮ ಮಾತನ್ನು ಒರಟೆಂದು ತಿಳಿಯುವುದು ಈ ಭೇದವನ್ನು ಅರಿಯದೆ. ಆದರೆ ಅದೇ ನಾಲಗೆ ಊರ ಗೌಡರ ಮಾತು ಬಂದಾಗ ತಡವರಿಸದೆ ‘ಅವ್ರು ಬಂದಾರ್ರಿ’ ಎನ್ನುತ್ತದೆ. ಆದುದರಿಂದ ಪರೀಕ್ಷೆ ಏಕವಚನದಲ್ಲಿಲ್ಲ. ಸಮಾನ ಸ್ಥಾನದಲ್ಲಿರುವ ಇಬ್ಬರಿಗೆ ಸಮಾನ ಪ್ರತ್ಯಯ ದೊರೆಯುವುದೋ ಇಲ್ಲವೋ ಎಂಬುದರಲ್ಲಿದೆ. ಪಂಚಾಯಿತಿಯ ಹಿಂದಿನ ಅಧ್ಯಕ್ಷನು ‘ಅವರು’ ಆಗಿದ್ದು ಈಗಿನ ಅಧ್ಯಕ್ಷೆ ‘ಅಕಿ’ ಆದರೆ, ಅಲ್ಲಿ ಮನೆಯ ಸಲಿಗೆಯನ್ನು ಕಚೇರಿಗೆ ತಂದು ಕುರ್ಚಿಯ ಎತ್ತರವನ್ನು ತಗ್ಗಿಸಿದಂತಾಯಿತು.

ಈ ತಗ್ಗಿಸುವ ಕಲೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸ್ತ್ರೀಯರು ಪುರುಷರೊಡನೆ ಕುಳಿತು ತತ್ತ್ವವಿಚಾರ ಮಾಡಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದುದೇ. ಊರಿನಲ್ಲಿ ಅಕ್ಕನಾಗಮ್ಮನ ಗವಿ ಇಂದಿಗೂ ಇದೆ. ಆದರೆ ಆ ಶರಣೆಯರ ವಚನಗಳು ನಮ್ಮ ಕೈಗೆ ಬಂದ ಪರಿಯನ್ನು ನೋಡಿರಿ. ಹಸ್ತಪ್ರತಿಗಳಲ್ಲಿಯೂ ಅಚ್ಚಾದ ಸಂಪುಟಗಳಲ್ಲಿಯೂ ಅನೇಕರ ಹೆಸರಿನ ಹಿಂದೆ ಇಂಥವರ ‘ಪುಣ್ಯಸ್ತ್ರೀ’ ಎಂಬ ಶಿರೋನಾಮೆ ಇರುತ್ತದೆ: ಆಯ್ದಕ್ಕಿ ಮಾರಯ್ಯನ ಪುಣ್ಯಸ್ತ್ರೀ ಲಕ್ಕಮ್ಮ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ. ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಸೆಯೇಕೆಂದು ಕೇಳಿ, ಮಿಕ್ಕುದನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಗುರುತು ಆ ಗಂಡನ ಹೆಸರಿನಿಂದಲೇ! ಮಾರಯ್ಯನನ್ನು ‘ಲಕ್ಕಮ್ಮನ ಪುಣ್ಯಪುರುಷ’ ಎಂದು ಯಾವ ಪ್ರತಿಕಾರನೂ ಬರೆದಂತೆ ಕಾಣೆ.

ಇನ್ನೊಂದು ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ಅಲ್ಲಮಪ್ರಭು ಒಡನೆಯೇ ಒಳಕ್ಕೆ ಬರಗೊಡುವುದಿಲ್ಲ. ಅವಳ ಯೌವನವನ್ನು ಎತ್ತಿ ಆಡುತ್ತಾನೆ. ನಿನ್ನ ಗಂಡನ ಗುರುತನ್ನು ಹೇಳಿದರೆ ಬಂದು ಕುಳ್ಳಿರು ಎನ್ನುತ್ತಾನೆ. ಅದು ಪರೀಕ್ಷೆಗಾಗಿ ಕೇಳಿದ ಪ್ರಶ್ನೆ, ಅಪಮಾನಕ್ಕಾಗಿ ಅಲ್ಲವೆಂದು ಪಂಡಿತರು ಹೇಳುತ್ತಾರೆ. ನಾನೂ ಹಾಗೆಯೇ ಪಾಠ ಮಾಡುತ್ತೇನೆ. ಆದರೂ ಒಂದು ಮಾತು ಉಳಿಯುತ್ತದೆ. ಬೇರೆ ಶರಣರು ಕಲ್ಯಾಣಕ್ಕೆ ಬಂದಾಗ ನಿನ್ನ ಹೆಂಡತಿ ಯಾರೆಂಬುದು ಒಳಗೆ ಬರುವ ರಹದಾರಿಯಾಗಿರಲಿಲ್ಲ. ಮಹಾದೇವಿ ಚೆನ್ನಮಲ್ಲಿಕಾರ್ಜುನನ ಹೆಸರು ಹೇಳಿ ಗೆದ್ದಳು. ಅನುಭವಮಂಟಪವು ಅವಳನ್ನು ‘ಅಕ್ಕ’ ಎಂದಿತು. ಎಲ್ಲರಿಗೂ ಅಷ್ಟು ದೊಡ್ಡ ಗಂಡ ದೊರೆಯುವುದಿಲ್ಲವಷ್ಟೆ.

ಈಗ ನಮ್ಮ ಕಾಲಕ್ಕೆ ಬರೋಣ. ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರು 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಬೇನೆಯಿಂದ ತೀರಿಕೊಂಡರು. 2021ರ ಏಪ್ರಿಲಿನಲ್ಲಿ ನಡೆದ ಉಪಚುನಾವಣೆಗೆ ಕಾಂಗ್ರೆಸ್ ಪಕ್ಷವು ಅವರ ಪತ್ನಿ ಮಾಲಾ ಅವರನ್ನು ನಿಲ್ಲಿಸಿತು. ಭಾರತೀಯ ಜನತಾ ಪಕ್ಷದ ಶರಣು ಸಲಗರ ಸುಮಾರು ಇಪ್ಪತ್ತು ಸಾವಿರ ಮತಗಳಿಂದ ಗೆದ್ದರು. ಸೋಲು ಗೆಲವು ನನ್ನ ವಿಷಯವಲ್ಲ. ಅಭ್ಯರ್ಥಿಯ ಕುರಿತ ಚರ್ಚೆಯೆಲ್ಲ ಒಂದು ಶಬ್ದದ ಸುತ್ತ ತಿರುಗಿತು: ಅನುಕಂಪ. ಅನುಕಂಪದ ಅಲೆ ಏಳುವುದೋ ಬೀಳುವುದೋ ಎಂದು ಪಂಡಿತರಿಂದ ಪಾಮರರವರೆಗೆ ಎಲ್ಲರೂ ಲೆಕ್ಕ ಹಾಕಿದರು. ಕುಡಿಯುವ ನೀರಿನ ಬಗೆಗೆ, ತೊಗರಿ ಬೆಲೆಯ ಬಗೆಗೆ ಆ ಅಭ್ಯರ್ಥಿಯ ಅಭಿಪ್ರಾಯವೇನೆಂದು ಕೇಳಿದವರು ವಿರಳ.

ತಂದೆಯ ಸ್ಥಾನಕ್ಕೆ ಮಗ ಬಂದಾಗ ಈ ಶಬ್ದ ಎಲ್ಲಿಗೆ ಹೋಗುತ್ತದೆ? ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಹುಮನಾಬಾದದ ಶಾಸಕರಾಗಿದ್ದ ರಾಜಶೇಖರ ಪಾಟೀಲರು ಮಾಜಿ ಸಚಿವ ಬಸವರಾಜ ಪಾಟೀಲರ ಪುತ್ರರು; ಭಾಲ್ಕಿಯ ಈಶ್ವರ ಖಂಡ್ರೆಯವರು ಮಾಜಿ ಸಚಿವ ಭೀಮಣ್ಣ ಖಂಡ್ರೆಯವರ ಪುತ್ರರು; ಈಶ್ವರ ಖಂಡ್ರೆಯವರ ಪುತ್ರ ಸಾಗರ ಖಂಡ್ರೆಯವರು 2024ರಲ್ಲಿ ಇಪ್ಪತ್ತಾರನೆಯ ವಯಸ್ಸಿಗೇ ಬೀದರದ ಲೋಕಸಭಾ ಸದಸ್ಯರಾದರು. ಇವರಲ್ಲಿ ಯಾರ ಯೋಗ್ಯತೆಯನ್ನೂ ನಾನು ಪ್ರಶ್ನಿಸುತ್ತಿಲ್ಲ. ಮಗನಿಗೆ ‘ಉತ್ತರಾಧಿಕಾರಿ’, ‘ಯುವನಾಯಕ’ ಎಂಬ ಶಬ್ದಗಳು ಸಿದ್ಧವಾಗಿರುತ್ತವೆ, ಹೆಂಡತಿಗೆ ‘ಅನುಕಂಪ’ ಸಿದ್ಧವಾಗಿರುತ್ತದೆ ಎಂಬುದಷ್ಟೆ ನನ್ನ ಮಾತು. ಒಂದು ಬಗೆಯ ಪ್ರವೇಶಕ್ಕೆ ಎರಡು ಬಗೆಯ ಭಾಷೆ.

ಮಂಡ್ಯದಲ್ಲಿ ಇದು ಇನ್ನೂ ಕಟುವಾಯಿತು. 2018ರ ನವೆಂಬರಿನಲ್ಲಿ ಅಂಬರೀಷ್ ತೀರಿಕೊಂಡರು. 2019ರಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಗಂಡ ಸತ್ತು ಇನ್ನೂ ತಿಂಗಳುಗಳೂ ಆಗಿಲ್ಲ, ಆಗಲೇ ರಾಜಕೀಯ ಬೇಕೆ ಎಂಬರ್ಥದ ಮಾತನ್ನು ಅಂದಿನ ಸಚಿವ ಎಚ್.ಡಿ. ರೇವಣ್ಣನವರು ಆಡಿದರು, ಮುಖ್ಯಮಂತ್ರಿಗಳಾಗಿದ್ದ ಅವರ ತಮ್ಮನ ಮಗನೇ ಎದುರು ಅಭ್ಯರ್ಥಿ. ಸೂತಕದ ಲೆಕ್ಕವನ್ನು ವಿಧವೆಗೆ ಮಾತ್ರ ಕಟ್ಟುವ ಈ ಪಂಚಾಂಗವನ್ನು ಮಂಡ್ಯದ ಮತದಾರರು ಒಪ್ಪಲಿಲ್ಲ. ಸುಮಲತಾ ಒಂದು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು.

ಇನ್ನು ಬಂಧುವಾಚಕಗಳು. ಅಕ್ಕ, ಅಮ್ಮ, ತಾಯಿ, ಅವ್ವ, ಮರಾಠಿಯ ಬಾಯಿ, ತಾಯಿ, ದಖನಿಯ ಆಪಾ. ಮೂರು ನಾಲ್ಕು ಭಾಷೆ ಬೆರೆತ ನಮ್ಮ ಸೀಮೆಯಲ್ಲಿ ಇವಕ್ಕೆ ಬರವಿಲ್ಲ. ಮರಾಠಿ ಕಲಿಸುವ ಶಾಲೆಗಳಲ್ಲಿ ಶಿಕ್ಷಕಿಯನ್ನು ಗೌರವದಿಂದ ‘ಬಾಯಿ’ ಎಂದು ಕರೆಯುವುದುಂಟು. ಅದೇ ಶಬ್ದ ಮುಂಬಯಿಯ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಗೆ ಸಲ್ಲುತ್ತದೆ. ಮರಾಠಿಯ ‘ತಾಯಿ’ ಅಕ್ಕನಾದರೆ ಕನ್ನಡದ ‘ತಾಯಿ’ ಹೆತ್ತವಳು. ಬಂಧುವಾಚಕಕ್ಕೆ ತನ್ನದೇ ಆದ ತೂಕವಿಲ್ಲ. ಹೇಳುವವನ ಸ್ವರ ಅದನ್ನು ಏರಿಸುತ್ತದೆ, ಇಳಿಸುತ್ತದೆ. ಅನುಭವಮಂಟಪದ ‘ಅಕ್ಕ’ ಎಂಬುದು ಅತ್ಯುನ್ನತ ಬಿರುದು. ‘ಅಕ್ಕಾ, ನೀ ಸುಮ್ ಕೂಡು, ನಾವು ನೋಡ್ಕೋತೀವಿ’ ಎಂದು ಸದಸ್ಯರು ಅಧ್ಯಕ್ಷೆಗೆ ಹೇಳಿದಾಗಿನ ‘ಅಕ್ಕ’ ಬಾಯಿ ಮುಚ್ಚಿಸುವ ಬಟ್ಟೆ. ಕಾಗೋಡಿನಲ್ಲಿಯೋ ಬೆಂಗಳೂರಿನಲ್ಲಿಯೋ ಅಲ್ಲ, ನಮ್ಮ ಹಳ್ಳಿಗಳಲ್ಲಿಯೇ ಈ ಎರಡನೆಯ ‘ಅಕ್ಕ’ನನ್ನು ಎಷ್ಟೋ ಸಲ ಕೇಳಿದ್ದೇನೆ. ಮಾತಿನ ಮೇಲೆ ತಕರಾರು ತೆಗೆಯುವಂತೆಯೂ ಇಲ್ಲ. ಅಕ್ಕ ಎಂದದ್ದು ತಪ್ಪೆ ಎಂದು ಕೇಳಿದರೆ ಉತ್ತರವೇನು? ಬೈಗುಳಕ್ಕಿಂತ ಇದು ಪ್ರಬಲವಾಗಿರುವುದು ಈ ಕಾರಣದಿಂದ.

ಪದವಿಗಳ ಹೆಸರಿನಲ್ಲಿಯೂ ಒಂದು ಗಂಟಿದೆ. ಸಂಸ್ಕೃತದಲ್ಲಿ ‘ಪತಿ’ ಎಂದರೆ ಒಡೆಯ, ಪಾಲಕ. ಗಂಡ ಎಂಬುದು ಅದರ ಇನ್ನೊಂದು ಅರ್ಥ. ಭೂಪತಿ, ಸೇನಾಪತಿ, ಗಣಪತಿ, ವಾಚಸ್ಪತಿ ಎನ್ನುವಾಗ ಮದುವೆಯ ಮಾತಿಲ್ಲ. 2007ರಲ್ಲಿ ಪ್ರತಿಭಾ ಪಾಟೀಲರು ರಾಷ್ಟ್ರಪತಿಗಳಾದಾಗ, ಸ್ತ್ರೀಯನ್ನು ‘ಪತಿ’ ಎನ್ನುವುದೆಂತು ಎಂದು ಹಲವರು ನಗೆಯಾಡಿದರು. 2022ರ ಜುಲೈನಲ್ಲಿ ಲೋಕಸಭೆಯ ಕಾಂಗ್ರೆಸ್ ನಾಯಕ ಅಧೀರ್ ರಂಜನ್ ಚೌಧರಿಯವರು ದ್ರೌಪದಿ ಮುರ್ಮು ಅವರನ್ನು ‘ರಾಷ್ಟ್ರಪತ್ನಿ’ ಎಂದರು, ಸಂಸತ್ತಿನಲ್ಲಿ ಗದ್ದಲವಾಯಿತು, ನಾಲಗೆ ತಪ್ಪಿತೆಂದು ಅವರು ಲಿಖಿತವಾಗಿ ಕ್ಷಮೆ ಕೋರಿದರು. ವ್ಯಾಕರಣದ ದೃಷ್ಟಿಯಿಂದ ಈ ರೂಪ ಏಕೆ ಸಲ್ಲದೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಪತಿಗೆ ಒಡೆಯ, ಗಂಡ ಎಂಬ ಎರಡೂ ಅರ್ಥಗಳು ಉಳಿದಿವೆ; ನಮ್ಮ ಬಳಕೆಯಲ್ಲಿ ಪತ್ನಿಗೆ ಹೆಂಡತಿ ಎಂಬ ಒಂದೇ ಅರ್ಥ. ಹೀಗಿರಲು ಲಿಂಗವನ್ನು ಬದಲಿಸಹೊರಟರೆ ಒಡೆತನವೇ ಬಿದ್ದುಹೋಗಿ ಸಂಬಂಧ ಮಾತ್ರ ಉಳಿಯುತ್ತದೆ. ಶಬ್ದಕೋಶದ ಈ ಒಂದು ಸಾಲಿನಲ್ಲಿ ಸಮಾಜಶಾಸ್ತ್ರದ ಒಂದು ಅಧ್ಯಾಯವಿದೆ.

ಬೈಗುಳಗಳ ಜೋಡಿಗಳನ್ನೂ ನೋಡಬಹುದು. ಬಹಳ ಮಾತನಾಡುವ ಗಂಡಸು ವಾಗ್ಮಿ, ಹೆಂಗಸು ಬಾಯಿಬಡಕಿ. ಎದೆಗಾರಿಕೆಯ ಗಂಡಸು ಧೀರ, ಹೆಂಗಸು ಗಂಡುಬೀರಿ. ‘ಬಜಾರಿ’ ಎಂಬ ಶಬ್ದವಂತೂ ಅಭ್ಯಾಸಯೋಗ್ಯವಾದುದು. ಬಜಾರಕ್ಕೆ ಸಂಬಂಧಿಸಿದವಳು ಎಂಬುದಷ್ಟೆ ಅದರ ಮೂಲಾರ್ಥ. ಹುಮನಾಬಾದದ ಬಜಾರದಲ್ಲಿ ದಿನವಿಡೀ ಕೂಗಿ ವ್ಯಾಪಾರ ಮಾಡುವ ಗಂಡಸಿಗೆ ಅದು ಬೈಗುಳವಲ್ಲ, ಉದ್ಯೋಗ. ಹೆಂಗಸು ನಾಲ್ಕು ಜನರ ನಡುವೆ ಗಟ್ಟಿಯಾಗಿ ಮಾತನಾಡಿದಳೆಂದರೆ ಅವಳು ಮನೆಯವಳಲ್ಲ, ಬಜಾರದವಳು. ರಾಜಕಾರಣವೆಂದರೆ ನಾಲ್ಕು ಜನರ ನಡುವೆ ಗಟ್ಟಿಯಾಗಿ ಮಾತನಾಡುವುದೇ ಅಲ್ಲವೆ? ಆ ವೃತ್ತಿಗೆ ಇಳಿಯುವ ಮುನ್ನವೇ ಅವಳಿಗೆ ಬೈಗುಳ ಕಾದಿರುತ್ತದೆ. ಸುಮ್ಮನಿದ್ದರೋ, ಅದಕ್ಕೂ ಹೆಸರಿದೆ. ಪ್ರಧಾನಿಯಾದ ಹೊಸದರಲ್ಲಿ ಸಂಸತ್ತಿನಲ್ಲಿ ಕಡಿಮೆ ಮಾತನಾಡುತ್ತಿದ್ದ ಇಂದಿರಾ ಗಾಂಧಿಯವರನ್ನು ರಾಮಮನೋಹರ ಲೋಹಿಯಾ ‘ಗೂಂಗೀ ಗುಡಿಯಾ’, ಮೂಕಗೊಂಬೆ, ಎಂದರು. ಸ್ತ್ರೀಸಮಾನತೆಗಾಗಿ ಅಷ್ಟೊಂದು ವಾದಿಸಿದ ಚಿಂತಕನ ಬಾಯಿಂದ ಈ ಮಾತು ಬಂದುದು ನನಗೆ ಇಂದಿಗೂ ವಿಸ್ಮಯ. ಕೆಲವೇ ವರ್ಷಗಳಲ್ಲಿ ಅದೇ ಗೊಂಬೆಯನ್ನು ಜನ ‘ಮಂತ್ರಿಮಂಡಲದಲ್ಲಿರುವ ಏಕೈಕ ಗಂಡಸು’ ಎಂದು ಕೊಂಡಾಡತೊಡಗಿದರು. ಹೊಗಳಿಕೆಗೂ ಗಂಡಸಿನ ಅಂಗಿಯನ್ನೇ ತೊಡಿಸಬೇಕಾಯಿತು.

ಈ ವಿಷಯದಲ್ಲಿ ನಮ್ಮ ಹಳಬರು ಮೇಲು. ಕಲ್ಯಾಣ ಚಾಲುಕ್ಯರ ಮನೆತನದ ಅಕ್ಕಾದೇವಿ, ಇಮ್ಮಡಿ ಜಯಸಿಂಹನ ಅಕ್ಕ, ಕಿಸುಕಾಡು ಮೊದಲಾದ ನಾಡುಗಳನ್ನು ಆಳಿದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳು ಅವಳನ್ನು ಯುದ್ಧದಲ್ಲಿ ಭೈರವಿ ಎನ್ನುತ್ತವೆ, ‘ಗುಣದ ಬೆಡಂಗಿ’ ಎನ್ನುತ್ತವೆ. ಗಂಡಸಿನಂಥವಳು ಎನ್ನುವುದಿಲ್ಲ. ಶೌರ್ಯವನ್ನು ಹೇಳಲು ಸ್ತ್ರೀಲಿಂಗದ ಶಬ್ದವೇ ಅವರಿಗೆ ಸಾಕಾಯಿತು.

ಅಡಿಗೆಮನೆಯ ಮಾತಿಲ್ಲದೆ ಈ ಪ್ರಕರಣ ಪೂರ್ತಿಯಾಗದು. 2024ರ ಮಾರ್ಚಿನಲ್ಲಿ, ಆಗ ದಾವಣಗೆರೆ ದಕ್ಷಿಣದ ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರು, ಬಿಜೆಪಿಯ ಲೋಕಸಭಾ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರು ಅಡಿಗೆ ಮಾಡುವುದಕ್ಕಷ್ಟೇ ಸರಿ ಎಂಬರ್ಥದಲ್ಲಿ ಮಾತನಾಡಿದರು. ದೂರು ಚುನಾವಣಾ ಆಯೋಗಕ್ಕೆ ಹೋಯಿತು. ವಿನೋದವೆಂದರೆ ಅಲ್ಲಿ ಎದುರು ಅಭ್ಯರ್ಥಿಯೂ ಸ್ತ್ರೀಯೇ, ಶಾಮನೂರು ಅವರ ಸ್ವಂತ ಸೊಸೆ ಪ್ರಭಾ ಮಲ್ಲಿಕಾರ್ಜುನ, ಗೆದ್ದವರೂ ಅವರೇ. ಅಂದರೆ ಸ್ತ್ರೀ ರಾಜಕಾರಣಕ್ಕೆ ಬರಬಾರದೆಂದು ಆ ಹಿರಿಯರ ಅಭಿಪ್ರಾಯವಿರಲಿಲ್ಲ. ಎದುರಾಳಿಯನ್ನು ಹೊಡೆಯಲು ಕೈಗೆ ಹತ್ತಿರವಿದ್ದ ಕೋಲು ಅದಾಗಿತ್ತು. ಅದೇ ಏಪ್ರಿಲಿನಲ್ಲಿ ಬೆಳಗಾವಿಯ ಬಿಜೆಪಿ ಮುಖಂಡ ಸಂಜಯ ಪಾಟೀಲರು ಸಚಿವೆ ಲಕ್ಷ್ಮಿ ಹೆಬ್ಬಾಳಕರ ಅವರಿಗೆ ನಿದ್ದೆಗುಳಿಗೆ, ಇನ್ನೊಂದು ಪೆಗ್ಗು ಬೇಕಾದೀತೆಂದು ವೇದಿಕೆಯಿಂದ ಹೇಳಿ ಪ್ರಕರಣ ಎದುರಿಸಿದರು. ಪಕ್ಷಗಳ ಬಾವುಟ ಬೇರೆ, ಕೋಲು ಒಂದೇ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮಾಜಿ ಸಭಾಧ್ಯಕ್ಷರಾದ ಕೆ.ಆರ್. ರಮೇಶ್ ಕುಮಾರ್ ಅವರು ಅತ್ಯಾಚಾರವನ್ನು ಉಪಮೆಯಾಗಿ ಬಳಸಿ, ಬಳಿಕ ಕ್ಷಮೆ ಕೇಳಿದರು. ಆ ಮಾತಿಗಿಂತ ಅದಕ್ಕೆ ಸದನದಲ್ಲಿ ಎದ್ದ ನಗು ನನಗೆ ಹೆಚ್ಚು ನೋವು ತಂದಿತು.

ಇದರಿಂದ ಆಗುವ ನಷ್ಟವೇನು, ಮಾತು ಗಾಳಿಗೆ ಹೋಗುತ್ತದೆ ಎನ್ನುವವರಿದ್ದಾರೆ. ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು (ವಿದ್ಯಾರ್ಥಿಯಾದರೂ ‘ಒಬ್ಬನು’ ಎಂದೇ ಬರೆಯುತ್ತಿದ್ದೆ, ಶಿಷ್ಯರಿಗೆ ಏಕವಚನ ನಮ್ಮ ವಾಡಿಕೆ) ಚರ್ಚಾಸ್ಪರ್ಧೆಯಲ್ಲಿ ಯಾವಾಗಲೂ ಮುಂದು. ಅವಳ ಊರಿನಲ್ಲಿ ಪಂಚಾಯಿತಿಯ ಸ್ಥಾನ ಸ್ತ್ರೀಯರಿಗೆ ಮೀಸಲಾಗಿತ್ತು. ನೀನೇಕೆ ನಿಲ್ಲಬಾರದೆಂದು ಸಹಜವಾಗಿ ಕೇಳಿದೆ. ‘ಸೋತ್ರ ಅಂಜಿಕಿ ಇಲ್ರಿ ಸರ್, ಗೆದ್ದ ಮ್ಯಾಲ ಏನಂತಾರ ಅನ್ನೋದೇ ಅಂಜಿಕಿ’ ಎಂದಳು. ಕಾನೂನು ಬಾಗಿಲು ತೆರೆದಿದೆ. 1983ರ ಕಾಯಿದೆಯಿಂದಲೇ ಕರ್ನಾಟಕದ ಮಂಡಲ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳಿದ್ದವು. ಸಂವಿಧಾನದ 73ನೆಯ ತಿದ್ದುಪಡಿ ಮೂರನೆಯ ಒಂದು ಪಾಲನ್ನು ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಬಾಗಿಲಿನ ಇಕ್ಕೆಲದಲ್ಲಿ ನಿಂತು ಮಾತನಾಡುವವರ ವಿಷಯದಲ್ಲಿ ಕಾನೂನು ಮಾಡುವುದು ಕಷ್ಟ. ಮೀಸಲಾತಿಯಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಲೆಕ್ಕವಿದೆ: 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದ ಸ್ತ್ರೀಯರು 10 ಮಂದಿ, ಬೀದರ ಜಿಲ್ಲೆಯ ಆರು ಸ್ಥಾನಗಳಲ್ಲಿ ಒಬ್ಬರೂ ಇಲ್ಲ.

ಗೆದ್ದವರ ಕುರ್ಚಿಯಲ್ಲಿ ಗಂಡ ಕುಳಿತುಕೊಳ್ಳುವ ಪದ್ಧತಿಯೂ ಈ ಮಾತಿನಿಂದಲೇ ಬಲಗೊಳ್ಳುತ್ತದೆ. ‘ಅಕಿ ಏನ್ ಮಾಡ್ತಾಳ್ರಿ, ಎಲ್ಲಾ ಅಕಿ ಗಂಡಂದೇ ನಡೀತದ’ ಎಂಬ ವಾಕ್ಯವನ್ನು ಆಡುವವರು ವರದಿ ಮಾಡುತ್ತಿದ್ದೇವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅವರು ಗಂಡನಿಗೆ ಅಧಿಕಾರಪತ್ರ ಬರೆದುಕೊಡುತ್ತಿದ್ದಾರೆ. ಉತ್ತರದಲ್ಲಿ ‘ಸರಪಂಚ ಪತಿ’ ಎಂಬ ಹೆಸರೇ ಹುಟ್ಟಿಕೊಂಡಿದೆ. ಇದನ್ನು ಪರಿಶೀಲಿಸಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2023ರಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು.

ಲೋಕದ ಬೇರೆಡೆಯೂ ಸ್ಥಿತಿ ಇದಕ್ಕಿಂತ ಬಹಳ ಉತ್ತಮವಲ್ಲ. ಅಂತರ ಸಂಸದೀಯ ಒಕ್ಕೂಟವು 2016ರಲ್ಲಿ 39 ದೇಶಗಳ 55 ಮಂದಿ ಸಂಸತ್ ಸದಸ್ಯೆಯರನ್ನು ವಿಚಾರಿಸಿತು. ನೂರಕ್ಕೆ 80ಕ್ಕೂ ಮಿಕ್ಕವರು ಮಾನಸಿಕ ಹಿಂಸೆಯನ್ನು ಅನುಭವಿಸಿದ್ದರು. ಆಸ್ಟ್ರೇಲಿಯದ ಪ್ರಧಾನಿ ಜೂಲಿಯಾ ಗಿಲಾರ್ಡ್ 2012ರ ಅಕ್ಟೋಬರಿನಲ್ಲಿ ಸಂಸತ್ತಿನಲ್ಲಿ ವಿರೋಧಪಕ್ಷದ ನಾಯಕನಿಗೆ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಆ ಭಾಷಣದ ಬಳಿಕ ಅಲ್ಲಿನ ಮ್ಯಾಕ್ವಾರಿ ನಿಘಂಟಿನವರು ಸ್ತ್ರೀದ್ವೇಷವೆಂಬ ಶಬ್ದದ ಅರ್ಥವನ್ನು ವಿಸ್ತರಿಸಿ, ಬೇರೂರಿದ ಪೂರ್ವಗ್ರಹವನ್ನೂ ಅದರಲ್ಲಿ ಸೇರಿಸಿದರು. ಒಂದು ಭಾಷಣದಿಂದ ನಿಘಂಟು ತಿದ್ದಲ್ಪಟ್ಟುದು ಭಾಷೆಯ ವಿದ್ಯಾರ್ಥಿಗಳಾದ ನಮಗೆ ಸಂತೋಷದ ಸಂಗತಿ.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಚುನಾವಣಾ ನೀತಿಸಂಹಿತೆಯು ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ಖಾಸಗಿ ಬದುಕಿನ ಟೀಕೆಯನ್ನು ನಿಷೇಧಿಸುತ್ತದೆ. ಜಯಪ್ರದಾ ಅವರ ಕುರಿತ ಮಾತಿಗಾಗಿ ಆಜಂ ಖಾನರನ್ನು 2019ರಲ್ಲಿ 72 ಗಂಟೆ, ಹೇಮಾಮಾಲಿನಿ ಅವರ ಕುರಿತ ಮಾತಿಗಾಗಿ ರಣದೀಪ್ ಸುರ್ಜೇವಾಲಾ ಅವರನ್ನು 2024ರಲ್ಲಿ 48 ಗಂಟೆ ಪ್ರಚಾರದಿಂದ ದೂರವಿಡಲಾಯಿತು. ನ್ಯಾಯಾಲಯಗಳಲ್ಲಿ ಬಳಸಬಾರದ ಶಬ್ದಗಳನ್ನೂ ಅವುಗಳ ಬದಲು ಬಳಸಬೇಕಾದುವನ್ನೂ ಪಟ್ಟಿಮಾಡಿ ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಕೈಪಿಡಿಯೊಂದನ್ನು ಹೊರತಂದಿತು. ಪತ್ರಿಕಾಲಯಗಳಿಗೂ ಪಕ್ಷದ ಕಚೇರಿಗಳಿಗೂ ಕನ್ನಡದಲ್ಲಿ ಅಂತಹುದೊಂದು ಬೇಕು. ನಮ್ಮ ವಿದ್ಯಾರ್ಥಿಗಳೇ ಅದನ್ನು ಸಿದ್ಧಪಡಿಸಬಾರದೇಕೆ?

ಹಾಗೆ ಸಿದ್ಧಪಡಿಸುವವರಿಗೆ ಕನ್ನಡವೇ ಅರ್ಧ ಕೆಲಸ ಮಾಡಿಟ್ಟಿದೆ. ಹಿಂದಿಯಲ್ಲಿ ಗೌರವ ಸೂಚಿಸಿದರೂ ಕ್ರಿಯಾಪದದಲ್ಲಿ ಲಿಂಗ ಉಳಿಯುತ್ತದೆ. ಕನ್ನಡದ ಗೌರವ ಬಹುವಚನದಲ್ಲಿ ಲಿಂಗವೇ ಕರಗಿಹೋಗುತ್ತದೆ: ಅಧ್ಯಕ್ಷರು ಬಂದರು, ಸಚಿವರು ಹೇಳಿದರು, ಶಾಸಕರು ಪ್ರಶ್ನಿಸಿದರು. ಬಂದವರು ಯಾರೆಂದು ಪ್ರತ್ಯಯ ಕೇಳುವುದಿಲ್ಲ. ‘ಮಹಿಳಾ ಶಾಸಕಿ’ ಎಂಬುದು ಪುನರುಕ್ತಿ. ಎರಡರಲ್ಲಿ ಒಂದು ಸಾಕು, ಬಹುಮಟ್ಟಿಗೆ ಎರಡೂ ಬೇಡ. ‘ಅಭ್ಯರ್ಥಿ’ಗೆ ಲಿಂಗಭೇದವಿಲ್ಲ, ಅದನ್ನು ಹಾಗೆಯೇ ಬಿಡುವುದು ಲೇಸು. ‘ಅಧ್ಯಕ್ಷೆ’, ‘ಸಚಿವೆ’ ಎಂಬ ರೂಪಗಳಲ್ಲಿ ನನಗೇನೂ ದೋಷ ಕಾಣುವುದಿಲ್ಲ, ಮುಂದಿನ ಕ್ರಿಯಾಪದವು ‘ಹೇಳಿದರು’ ಎಂದಿದ್ದರೆ. ‘ಇಂಥವರ ಪತ್ನಿ’ ಎಂದು ಬರೆಯುವಾಗ, ಅದೇ ಪುಟದಲ್ಲಿ ‘ಇಂಥವರ ಮಗ’ ಎಂದೂ ಬರೆದಿದ್ದೇವೆಯೇ ಎಂದು ನೋಡಬೇಕು. 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಮೊದಲ ಸ್ತ್ರೀ ಸಭಾಧ್ಯಕ್ಷರಾಗಿದ್ದವರು ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ. ಆ ಪೀಠವನ್ನು ಉದ್ದೇಶಿಸುವ ‘ಮಾನ್ಯ ಸಭಾಧ್ಯಕ್ಷರೆ’ ಎಂಬ ಸಂಬೋಧನೆಯಲ್ಲಿ ಅವರಿಗಾಗಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ.